ಮೂಳೆ ಕೂಡಿದ ಮೇಲೆ

1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಮೊದಲ ಅನುಬಂಧ ಮನುಷ್ಯನ ದೇಹಕ್ಕೆ ಕಟ್ಟಿದ ದರಪಟ್ಟಿಯಂತಿತ್ತು. ಹೆಬ್ಬೆರಳು ಪೂರ್ತಿ ಹೋದರೆ ಗಳಿಸುವ ಶಕ್ತಿಯಲ್ಲಿ ಶೇ. 30 ನಷ್ಟ, ತೋರುಬೆರಳು ಪೂರ್ತಿ ಹೋದರೆ ಶೇ. 14. ಕೈ, ಕಾಲು, ಕಣ್ಣುಗಳಿಗೂ ಹೀಗೆಯೇ ಒಂದೊಂದು ಅಂಕಿ. ದೇಹದಿಂದ ಹೋದದ್ದನ್ನು ಆ ಪಟ್ಟಿ ಎಣಿಸುತ್ತಿತ್ತು. ಉಳಿದುಕೊಂಡ ಕೈ ಹಗಲೂ ರಾತ್ರಿ ಉರಿಯುತ್ತಿದ್ದರೆ ಎಷ್ಟು ಎಂಬುದಕ್ಕೆ ಅದರಲ್ಲಿ ಸಾಲಿರಲಿಲ್ಲ. ಅದನ್ನು ಬರೆದವರನ್ನು ದೂರಿ ಫಲವಿಲ್ಲ, ಅಂದಿನ ವೈದ್ಯರಲ್ಲಿ ಬಹುಪಾಲು ಮಂದಿ ಹಾಗೆಯೇ ಯೋಚಿಸುತ್ತಿದ್ದರು. ಆದರೆ ಇಂದಿಗೂ ನಮ್ಮ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳಲ್ಲಿ ವಿಚಾರಣೆ ಸಾಗುವುದು ಹೆಚ್ಚುಕಡಿಮೆ ಅದೇ ಜಾಡಿನಲ್ಲಿ. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಯೊಂದರಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ, 34 ವರ್ಷದ ಒಬ್ಬ ಹೆಂಗಸನ್ನು ಕಲ್ಪಿಸಿಕೊಳ್ಳಿ. ಬೈಕು ಗುದ್ದಿ ಬಲ ಮಣಿಕಟ್ಟಿನ ಮೂಳೆ ಮುರಿಯಿತು, ಪ್ಲಾಸ್ಟರ್ ಹಾಕಿದರು, ಆರು ವಾರಕ್ಕೆ ಬಿಚ್ಚಿದರು. ಎಕ್ಸ್‌ರೇ ನೋಡಿದರೆ ಮೂಳೆ ಚೆನ್ನಾಗಿ ಕೂಡಿದೆ. ಆದರೆ ಕೈ ಮೇಲೆ ಸೀರೆಯ ಸೆರಗು ತಾಗಿದರೂ ಬೆಂಕಿ ಸವರಿದ ಹಾಗಾಗುತ್ತದೆ. ಪಾಟಿ ಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು ಕೇಳುವುದು ಒಂದೇ ಪ್ರಶ್ನೆ: ಮೂಳೆ ಕೂಡಿದೆ ತಾನೇ? ವೈದ್ಯರು ಹೌದು ಎನ್ನುತ್ತಾರೆ. ಆ ಉತ್ತರ ಸತ್ಯವಾದದ್ದು, ಆದರೆ ಅದರಿಂದ ತೆಗೆಯುವ ತೀರ್ಮಾನ ತಪ್ಪು. ಬಿಡದ ನೋವಿಗೆ ಪರಿಹಾರ ಕೊಡಬೇಕಾದ ತತ್ವ ನಮ್ಮ ಕಾನೂನಿನಲ್ಲಿ ಈಗಾಗಲೇ ಇದೆ ಎಂಬುದೂ, ಆ ತತ್ವದ ಕೈಗೆ ನಾವು ಹಳೆಯ ಶರೀರಶಾಸ್ತ್ರದ ಅಳತೆಗೋಲನ್ನು ಕೊಟ್ಟಿದ್ದೇವೆ ಎಂಬುದೂ ಈ ಅಧ್ಯಾಯದ ವಾದ.

ಆ ಹಳೆಯ ಶರೀರಶಾಸ್ತ್ರಕ್ಕೆ ಸ್ಪಷ್ಟ ರೂಪ ಕೊಟ್ಟವನು ಹದಿನೇಳನೆಯ ಶತಮಾನದ ಫ್ರೆಂಚ್ ದಾರ್ಶನಿಕ ರೆನೆ ಡೆಕಾರ್ಟ್. ಕಾಲಿಗೆ ಬೆಂಕಿ ತಾಗಿದರೆ ನರವೆಂಬ ದಾರ ಎಳೆಯಲ್ಪಟ್ಟು ಮಿದುಳಿನಲ್ಲಿ ಗಂಟೆ ಬಾರಿಸುತ್ತದೆ ಎಂಬುದು ಅವನ ಚಿತ್ರ. ಎಳೆದಷ್ಟು ಸದ್ದು, ಬೆಂಕಿ ಆರಿದರೆ ಮೌನ. ಈ ಚಿತ್ರ ಸರಿಯಾಗಿದ್ದರೆ ವಿಮಾ ವಕೀಲರ ಪ್ರಶ್ನೆಯೂ ಸರಿಯೇ. ಆದರೆ ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ಆನ್ಜಿಯೊ ರಣಭೂಮಿಯಲ್ಲಿ ಕೆಲಸ ಮಾಡಿದ ಅಮೆರಿಕದ ವೈದ್ಯ ಹೆನ್ರಿ ಬೀಚರ್ ಇದಕ್ಕೆ ಹೊಂದದ ಸಂಗತಿಯೊಂದನ್ನು ಕಂಡರು. ತೀವ್ರವಾಗಿ ಗಾಯಗೊಂಡ ಸೈನಿಕರಲ್ಲಿ ಸುಮಾರು ಮುಕ್ಕಾಲು ಪಾಲು ಜನ, ಕೇಳಿದಾಗ, ನೋವಿನ ಮದ್ದು ಬೇಡವೆಂದರು. 1946ರಲ್ಲಿ ಅವರು ಇದನ್ನು ಪ್ರಕಟಿಸಿದರು. ದೊಡ್ಡ ಗಾಯ, ಸಣ್ಣ ನೋವು! 1965ರಲ್ಲಿ ರೊನಾಲ್ಡ್ ಮೆಲ್ಜ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ ಮಂಡಿಸಿದ ‘ಗೇಟ್ ಕಂಟ್ರೋಲ್’ ಸಿದ್ಧಾಂತ ಇದಕ್ಕೊಂದು ವಿವರಣೆ ಕೊಟ್ಟಿತು. ಗಾಯದಿಂದ ಹೊರಟ ಸಂಕೇತ ಬೆನ್ನುಹುರಿಯಲ್ಲೇ ತಡೆಗೆ ಸಿಗುತ್ತದೆ, ಮೇಲಿನಿಂದ ಮಿದುಳು ಕಳಿಸುವ ಆಜ್ಞೆಗಳು ಅದನ್ನು ಕುಗ್ಗಿಸಲೂಬಹುದು ಹಿಗ್ಗಿಸಲೂಬಹುದು ಎಂದಿತು. ಆ ಸಿದ್ಧಾಂತದ ವಿವರಗಳು ಮುಂದೆ ತಿದ್ದುಪಡಿಯಾದವು, ತಿರುಳು ಉಳಿಯಿತು. 1983ರಲ್ಲಿ ಕ್ಲಿಫರ್ಡ್ ವುಲ್ಫ್ ಇಲಿಗಳಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಒಮ್ಮೆ ತೀವ್ರ ಗಾಯವಾದ ಮೇಲೆ ಬೆನ್ನುಹುರಿಯ ನರಕೋಶಗಳೇ ಬದಲಾಗುತ್ತವೆ, ಮೊದಲು ಕಿವಿಗೊಡದಿದ್ದ ಸಣ್ಣ ಸಂಕೇತಕ್ಕೂ ಜೋರಾಗಿ ಸ್ಪಂದಿಸತೊಡಗುತ್ತವೆ ಎಂದು ತೋರಿಸಿದರು. ಆಗ ಸಾಮಾನ್ಯ ಸ್ಪರ್ಶವೇ ನೋವಾಗುತ್ತದೆ, ಗಾಯವಾಗದ ಅಕ್ಕಪಕ್ಕದ ಜಾಗವೂ ನೋಯುತ್ತದೆ. ಹೆಚ್ಚಿನವರಲ್ಲಿ ಈ ಬದಲಾವಣೆ ಗಾಯ ಮಾಯುತ್ತಿದ್ದಂತೆ ಇಳಿಯುತ್ತದೆ. ಕೆಲವರಲ್ಲಿ ಇಳಿಯುವುದಿಲ್ಲ. ಮೂರು ತಿಂಗಳಿಗೂ ಮೀರಿ ಉಳಿದ ಅಥವಾ ಮರುಕಳಿಸುವ ನೋವನ್ನು ದೀರ್ಘಕಾಲದ ನೋವು ಎನ್ನುತ್ತಾರೆ. 2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣ ಐಸಿಡಿ-11ರಲ್ಲಿ ಅದಕ್ಕೆ ತನ್ನದೇ ಸಂಕೇತಸಂಖ್ಯೆ ಇದೆ, ಶಸ್ತ್ರಚಿಕಿತ್ಸೆ ಅಥವಾ ಗಾಯದ ನಂತರ ಉಳಿಯುವ ನೋವಿಗೆ ಪ್ರತ್ಯೇಕ ಉಪವರ್ಗವೂ ಇದೆ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಗೆ ಸೇರಿಸಿದ ಟಿಪ್ಪಣಿಗಳಲ್ಲಿ ಎರಡು ನಮ್ಮ ವಿಷಯಕ್ಕೆ ನೇರ ಸಂಬಂಧಪಟ್ಟಿವೆ: ನರಗಳಲ್ಲಿ ಹರಿಯುವ ಸಂಕೇತವೂ ನೋವೂ ಒಂದೇ ಅಲ್ಲ, ಮತ್ತು ನೋಯುತ್ತದೆ ಎಂದು ಹೇಳುವವರ ಮಾತನ್ನು ಗೌರವಿಸಬೇಕು.

ಗಾರ್ಮೆಂಟ್ ಕೆಲಸದಾಕೆಯ ಕೈಗೆ ಬಂದದ್ದಕ್ಕೆ ಇನ್ನೂ ನಿರ್ದಿಷ್ಟ ಹೆಸರಿದೆ. ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡೇಟಿನಿಂದ ನರಕ್ಕೆ ಪೆಟ್ಟಾದ ಸೈನಿಕರ ಸುಡುನೋವನ್ನು ಸೈಲಸ್ ವಿಯರ್ ಮಿಚೆಲ್ ಮತ್ತು ಸಂಗಡಿಗರು 1864ರಲ್ಲೇ ವರ್ಣಿಸಿದ್ದರು. 1900ರಲ್ಲಿ ಜರ್ಮನಿಯ ಪಾಲ್ ಸುಡೆಕ್, ಗಾಯದ ನಂತರ ಇಂಥ ಕೈಕಾಲುಗಳ ಮೂಳೆ ಸವೆಯುವುದನ್ನು ಎಕ್ಸ್‌ರೇಯಲ್ಲಿ ತೋರಿಸಿದರು. 1994ರಿಂದ ಇದನ್ನು ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್, ಅಂದರೆ ಸಿಆರ್‌ಪಿಎಸ್ ಎಂದು ಕರೆಯಲಾಗುತ್ತಿದೆ. ಮಣಿಕಟ್ಟಿನ ಮುರಿತ ಇದಕ್ಕೆ ಹೆಸರಾದ ಕಾರಣಗಳಲ್ಲೊಂದು, ಮುರಿತ ದೊಡ್ಡದೇ ಆಗಿರಬೇಕೆಂದಿಲ್ಲ. ಬುಡಾಪೆಸ್ಟ್ ಮಾನದಂಡಗಳ ಪ್ರಕಾರ ವೈದ್ಯರು ನಾಲ್ಕು ಗುಂಪಿನ ಲಕ್ಷಣಗಳನ್ನು ಹುಡುಕುತ್ತಾರೆ: ಸ್ಪರ್ಶದ ಅತಿಸಂವೇದನೆ, ಚರ್ಮದ ಬಣ್ಣ ಹಾಗೂ ಬಿಸುಪಿನಲ್ಲಿ ಎರಡು ಕೈಗಳ ನಡುವಿನ ವ್ಯತ್ಯಾಸ, ಊತ ಅಥವಾ ಬೆವರಿನ ಏರುಪೇರು, ಚಲನೆ ಕುಂದುವುದು ಅಥವಾ ಉಗುರು, ಕೂದಲು, ಚರ್ಮ ಬದಲಾಗುವುದು. ಇವುಗಳಲ್ಲಿ ಮೂರು ಗುಂಪಿನವನ್ನು ರೋಗಿ ಹೇಳಿರಬೇಕು, ಕನಿಷ್ಠ ಎರಡು ಗುಂಪಿನವನ್ನು ಪರೀಕ್ಷೆಯ ಹೊತ್ತಿನಲ್ಲಿ ವೈದ್ಯರೇ ಕಾಣಬೇಕು, ಬೇರೆ ಯಾವ ರೋಗವೂ ಇದನ್ನು ಇದಕ್ಕಿಂತ ಚೆನ್ನಾಗಿ ವಿವರಿಸಬಾರದು. ಊದಿಕೊಂಡ, ಬಣ್ಣಗೆಟ್ಟ, ಇನ್ನೊಂದಕ್ಕಿಂತ ತಣ್ಣಗಿರುವ ಕೈಯನ್ನು ನೋಡಬಹುದು, ಮುಟ್ಟಬಹುದು, ಫೋಟೊ ತೆಗೆಯಬಹುದು. ನೋಡುವವರು ಸರಿಯಾದ ಕಾಲದಲ್ಲಿ ನೋಡಿ ಬರೆದಿಡಬೇಕಷ್ಟೆ. ನಮ್ಮಲ್ಲಿ ಹಲವು ಸಲ ಆಗುವುದೇನೆಂದರೆ, ಮೂಳೆತಜ್ಞರು ಅಂಗವೈಕಲ್ಯದ ಪ್ರಮಾಣಪತ್ರಕ್ಕಾಗಿ ಆ ಕೈಯನ್ನು ನೋಡುವುದು ವರ್ಷದ ಮೇಲೆ, ಅದೂ ಬಹುಮಟ್ಟಿಗೆ ಕೋನಮಾಪಕ ಹಿಡಿದು.

ಚಿತ್ರಪರೀಕ್ಷೆಗಳ ಮೇಲಿನ ಅತಿಭರವಸೆ ಎರಡೂ ದಿಕ್ಕಿನಲ್ಲಿ ದಾರಿ ತಪ್ಪಿಸುತ್ತದೆ. ಎಂಆರ್‌ಐಯಲ್ಲಿ ಏನೂ ಕಾಣದಿದ್ದರೆ ನೋವು ಸುಳ್ಳು ಎನ್ನುತ್ತಾರೆ. ಏನಾದರೂ ಕಂಡರೆ, ಅದು ಅಪಘಾತಕ್ಕೆ ಮೊದಲೇ ಇದ್ದ ಸವೆತ ಎನ್ನುತ್ತಾರೆ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಕುರಿತ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ವಿಮರ್ಶೆಯಂತೆ, ಡಿಸ್ಕ್ ಸವೆತ 20 ವರ್ಷದವರಲ್ಲಿ ಶೇ. 37 ಮಂದಿಗೆ, 80 ವರ್ಷದವರಲ್ಲಿ ಶೇ. 96 ಮಂದಿಗೆ ಇರುತ್ತದೆ. ಅಂದರೆ ಸವೆತ ನೋವಿನ ಪುರಾವೆಯಲ್ಲ ಎಂಬ ವಿಮಾ ವಕೀಲರ ಮಾತು ನಿಜ. ಅದೇ ಅಂಕಿಗಳು ಇನ್ನೊಂದನ್ನೂ ಹೇಳುತ್ತವೆ: ಸವೆದ ಡಿಸ್ಕ್ ಇಟ್ಟುಕೊಂಡು ಒಬ್ಬ ಮನುಷ್ಯ ಅಪಘಾತದ ಹಿಂದಿನ ದಿನದವರೆಗೂ ಮೂಟೆ ಹೊರುತ್ತಿದ್ದರೆ, ಇಂದಿನ ನೋವಿಗೆ ಆ ಸವೆತವನ್ನೇ ಹೊಣೆ ಮಾಡಲು ಆಧಾರ ಸಾಲದು. ಮೊದಲೇ ದುರ್ಬಲನಾಗಿದ್ದವನಿಗೆ ಪೆಟ್ಟು ಕೊಟ್ಟವನು, ಅವನು ದುರ್ಬಲನಾಗಿದ್ದ ಎಂಬುದನ್ನೇ ತನ್ನ ರಕ್ಷಣೆಗೆ ಬಳಸುವಂತಿಲ್ಲ ಎಂದು ಇಂಗ್ಲಿಷ್ ನ್ಯಾಯಾಲಯಗಳು ನೂರಕ್ಕೂ ಹೆಚ್ಚು ವರ್ಷಗಳಿಂದ ಹೇಳುತ್ತಾ ಬಂದಿವೆ.

ಈಗ ನಮ್ಮ ಕಾನೂನಿಗೆ ಬರೋಣ. 1988ರ ಮೋಟಾರು ವಾಹನ ಕಾಯ್ದೆ ನ್ಯಾಯಮಂಡಳಿಗೆ ಹೇಳುವುದು ‘ನ್ಯಾಯಯುತ’ ಎನಿಸುವ ಪರಿಹಾರ ಕೊಡು ಎಂದಷ್ಟೆ. ಅದರಲ್ಲಿ ಏನೇನು ಸೇರಬೇಕು ಎಂಬುದನ್ನು ಬಿಡಿಸಿ ಹೇಳಿದ ಮುಖ್ಯ ತೀರ್ಪುಗಳಲ್ಲೊಂದು ಬಂದದ್ದು 2010ರ ಅಕ್ಟೋಬರಿನಲ್ಲಿ. ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದು ಸುಪ್ರೀಂ ಕೋರ್ಟಿಗೆ ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಅಂಗದ ವೈಕಲ್ಯ ಬೇರೆ, ಇಡೀ ದೇಹದ ವೈಕಲ್ಯ ಬೇರೆ, ಗಳಿಸುವ ಶಕ್ತಿಯ ನಷ್ಟ ಬೇರೆ ಎಂದು ಅದು ಸ್ಪಷ್ಟಪಡಿಸಿತು. ಎಡಗೈ ಕಳೆದುಕೊಂಡ ಚಾಲಕನಿಗೋ ಬಡಗಿಗೋ ಆಗುವ ನಷ್ಟ, ಗುಮಾಸ್ತನಿಗೆ ಆಗುವ ನಷ್ಟಕ್ಕೆ ಸಮವಲ್ಲ. ಈ ವ್ಯಕ್ತಿ ಯಾವ ಕೆಲಸ ಮಾಡುತ್ತಿದ್ದ, ಇನ್ನು ಯಾವುದನ್ನು ಮಾಡಬಲ್ಲ, ಯಾವುದು ಆಗದು ಎಂದು ನೋಡಿ ಗಳಿಕೆಯ ನಷ್ಟವನ್ನು ನಿರ್ಧರಿಸಬೇಕಾದುದು ನ್ಯಾಯಮಂಡಳಿ. ವೈದ್ಯರು ಹೇಳಬೇಕಾದುದು ದೇಹದ ಸ್ಥಿತಿ. ಜೊತೆಗೆ ನೋವು ಮತ್ತು ಸಂಕಟ, ಬದುಕಿನ ಸುಖಗಳ ನಷ್ಟ ಎಂಬ ಬೇರೆ ಬಾಬ್ತುಗಳೂ ಇವೆ. ಕರ್ನಾಟಕ ಹೈಕೋರ್ಟಿನ ತೀರ್ಪಿನ ಮೇಲೆ ಬಂದ ಮೇಲ್ಮನವಿಯೊಂದರಲ್ಲಿ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ನೋವು ಮತ್ತು ಸಂಕಟದ ಬಾಬ್ತಿಗೇ 15 ಲಕ್ಷ ರೂಪಾಯಿ ಕೊಟ್ಟಿತು. ಅದು ಸಂಪೂರ್ಣ ಅಂಗವೈಕಲ್ಯದ ಪ್ರಕರಣ. ಅಂಗ ಉಳಿದು ನೋವೂ ಉಳಿದವರಿಗೆ ಸಾಮಾನ್ಯವಾಗಿ ಸಿಗುವುದು ಅದರ ಸಣ್ಣದೊಂದು ಪಾಲು.

2010ರ ತತ್ವದ ಪ್ರಕಾರ ಹೊಲಿಗೆಯಾಕೆಗೆ ಕೇಳಬೇಕಾದ ಪ್ರಶ್ನೆ, ಅವಳು ದಿನಕ್ಕೆ ಎಂಟು ಗಂಟೆ ಯಂತ್ರದ ಮುಂದೆ ಕೂರಬಲ್ಲಳೇ ಎಂಬುದು. ಆದರೆ ಕಡತಕ್ಕೆ ಬರುವ ಅಂಕಿ ಹುಟ್ಟುವುದು ಬೇರೆಡೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಪಟ್ಟಿಯಾದ 21 ವೈಕಲ್ಯಗಳಲ್ಲಿ ದೀರ್ಘಕಾಲದ ನೋವು ಇಲ್ಲ. ಕೈಕಾಲಿನ ವೈಕಲ್ಯವನ್ನು ಅಳೆಯುವ ಸರ್ಕಾರಿ ಮಾರ್ಗಸೂಚಿಗಳು ಮುಖ್ಯವಾಗಿ ಕೀಲು ಎಷ್ಟು ಡಿಗ್ರಿ ಬಾಗುತ್ತದೆ, ಸ್ನಾಯು ಎಷ್ಟು ಬಲವಾಗಿದೆ, ಕೈಯಿಂದ ಹೊಂದಾಣಿಕೆ ಬೇಕಾದ ಕೆಲಸಗಳು ಆಗುತ್ತವೆಯೇ ಎಂದು ನೋಡುತ್ತವೆ. ಹೀಗೆ ಅಳೆದು ವೈದ್ಯರು ಕೈಯ ವೈಕಲ್ಯ ಶೇ. 30 ಎಂದರು ಎಂದುಕೊಳ್ಳೋಣ. ರೂಢಿಯಂತೆ ಅದರ ಮೂರನೇ ಒಂದು ಪಾಲನ್ನು, ಅಂದರೆ ಶೇ. 10ನ್ನು, ಇಡೀ ದೇಹದ ವೈಕಲ್ಯ ಎಂದು ಹಿಡಿಯುತ್ತಾರೆ, ಹಲವು ವೇಳೆ ಅದನ್ನೇ ಗಳಿಕೆಯ ನಷ್ಟವಾಗಿಯೂ ಹಿಡಿಯುತ್ತಾರೆ. ತಿಂಗಳಿಗೆ 15,000 ರೂಪಾಯಿ ಸಂಬಳ, 31ರಿಂದ 35 ವರ್ಷದವರಿಗೆ ಸುಪ್ರೀಂ ಕೋರ್ಟ್ 2009ರಲ್ಲಿ ನಿಗದಿ ಮಾಡಿದ ಗುಣಕ 16. ಲೆಕ್ಕ ಹಾಕಿದರೆ 2,88,000 ರೂಪಾಯಿ. ಅವಳು ಹೊಲಿಗೆ ಬಿಟ್ಟು, ಅರ್ಧ ಸಂಬಳದ ಹಗುರ ಕೆಲಸಕ್ಕೆ ಇಳಿಯಬೇಕಾಗಿ ಬಂದಿದೆ ಎಂಬುದನ್ನು ಸಾಕ್ಷ್ಯವಾಗಿ ತಂದು, ನಷ್ಟ ಶೇ. 50 ಎಂದು ಮಂಡಳಿ ಒಪ್ಪಿದರೆ ಅದೇ ಲೆಕ್ಕ 14,40,000ಕ್ಕೆ ಹೋಗುತ್ತದೆ. ಭವಿಷ್ಯದ ಸಂಬಳ ಏರಿಕೆಯನ್ನು ಇಲ್ಲಿ ಸೇರಿಸಿಲ್ಲ. ಹನ್ನೊಂದೂವರೆ ಲಕ್ಷದ ಈ ಅಂತರಕ್ಕೆ ಕಾರಣ ಕಾನೂನಿನ ಕೊರತೆಯಲ್ಲ. ಕೀಲಿನ ಕೋನ ಅಳೆದು ಬಂದ ಅಂಕಿಯನ್ನು ಕೆಲಸದ ನಷ್ಟದ ಜಾಗದಲ್ಲಿ ಕೂರಿಸುವ ಅಭ್ಯಾಸವೇ ಕಾರಣ.

ಇದಕ್ಕೆ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವಂಥದ್ದೇ: ನೋವನ್ನು ಯಾರು ಬೇಕಾದರೂ ನಟಿಸಬಹುದಲ್ಲ? ಆಕ್ಷೇಪ ಹಗುರವಾದುದಲ್ಲ. ಸುಳ್ಳು ಕ್ಲೇಮುಗಳು ಇವೆ, ನೋಡದ ರೋಗಿಗೆ ಸಿದ್ಧ ಪ್ರಮಾಣಪತ್ರ ಬರೆದುಕೊಡುವ ವೈದ್ಯರೂ ಇದ್ದಾರೆ. ಚಿಕಿತ್ಸೆ ನೀಡದ ವೈದ್ಯರ ಇಂಥ ಪತ್ರಗಳನ್ನು ಒಪ್ಪುವಾಗ ಎಚ್ಚರವಿರಲಿ ಎಂದು 2010ರ ತೀರ್ಪೇ ಹೇಳಿದೆ. ವಿಕ್ಟೋರಿಯ ರಾಣಿಯ ಕಾಲದ ಇಂಗ್ಲೆಂಡಿನಲ್ಲೂ ಇದೇ ಜಗಳ ನಡೆದಿತ್ತು. ರೈಲು ಅಪಘಾತದಲ್ಲಿ ಹೊರಗೆ ಗಾಯ ಕಾಣದೆಯೂ ಬೆನ್ನುನೋವು, ನಿದ್ರಾಹೀನತೆಯಿಂದ ನರಳುವವರ ಬೆನ್ನುಹುರಿಗೇ ಪೆಟ್ಟಾಗಿದೆ ಎಂದು ಶಸ್ತ್ರವೈದ್ಯ ಜಾನ್ ಎರಿಕ್‌ಸನ್ 1866ರಲ್ಲಿ ವಾದಿಸಿದರು. ರೈಲ್ವೆ ಕಂಪನಿಯೊಂದರ ವೈದ್ಯರಾಗಿದ್ದ ಹರ್ಬರ್ಟ್ ಪೇಜ್ 1883ರಲ್ಲಿ, ಹುರಿಗೆ ಏನೂ ಆಗಿಲ್ಲ, ಇದು ಭಯದ ಆಘಾತ ಎಂದರು. ಇಬ್ಬರೂ ಒಂದು ವಿಷಯದಲ್ಲಿ ಒಂದೇ ನಂಬಿಕೆಯವರು: ಗಾಯ ಇದ್ದರೆ ನೋವು ನಿಜ, ಇಲ್ಲದಿದ್ದರೆ ಅದು ಮನಸ್ಸಿನದು. ಆ ಎರಡೇ ಕವಲಿನ ದಾರಿ ಈಗ ಮುಚ್ಚಿಹೋಗಿದೆ, ಆದರೂ ಪಾಟಿ ಸವಾಲು ಅದೇ ದಾರಿಯಲ್ಲಿ ನಡೆಯುತ್ತದೆ. ನಟನೆ ಹಿಡಿಯುವ ಅಸ್ತ್ರವೆಂದು ಕೆಲವರು ಬಳಸುವ ‘ವಾಡೆಲ್ ಚಿಹ್ನೆ’ಗಳ ಗತಿಯನ್ನೂ ನೋಡಿ. ಗೋರ್ಡನ್ ವಾಡೆಲ್ 1980ರಲ್ಲಿ ಅವನ್ನು ವಿವರಿಸಿದ್ದು ಬೆನ್ನುನೋವಿನ ರೋಗಿಗಳಲ್ಲಿ ಮಾನಸಿಕ, ಸಾಮಾಜಿಕ ಅಂಶಗಳನ್ನು ಗುರುತಿಸಲಿಕ್ಕೆ. 1998ರಲ್ಲಿ ಅವರೂ ಸಹೋದ್ಯೋಗಿಯೂ ಸೇರಿ, ಇವುಗಳಿಂದ ಸುಳ್ಳುಗಾರರನ್ನು ಪತ್ತೆ ಮಾಡಲಾಗದು ಎಂದು ಬರೆಯಬೇಕಾಯಿತು. ಮಿದುಳಿನ ಸ್ಕ್ಯಾನು ಸತ್ಯ ಹೇಳುತ್ತದೆ ಎಂಬ ಆಸೆಯೂ ಸದ್ಯಕ್ಕೆ ಈಡೇರದು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘದ ಕಾರ್ಯಪಡೆ 2017ರಲ್ಲಿ, ಒಬ್ಬ ವ್ಯಕ್ತಿಗೆ ದೀರ್ಘಕಾಲದ ನೋವಿದೆಯೇ ಎಂದು ನ್ಯಾಯಾಲಯದಲ್ಲಿ ನಿರ್ಧರಿಸಲು ಮಿದುಳಿನ ಚಿತ್ರಣವನ್ನು ಬಳಸಬಾರದು ಎಂದಿತು. ಹಾಗಾದರೆ ಉಳಿಯುವುದೇನು? ನ್ಯಾಯಾಲಯಗಳು ಸಾವಿರಾರು ವರ್ಷಗಳಿಂದ ಮಾಡುತ್ತಾ ಬಂದಿರುವ ಕೆಲಸ: ಹೇಳಿಕೆಯನ್ನು ನಡತೆಯ ಜೊತೆ, ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನ ಜೊತೆ, ಇಂದಿನದನ್ನು ಮೊದಲಿನ ದಾಖಲೆಯ ಜೊತೆ ಹೋಲಿಸಿ ನೋಡುವುದು. ಅಪಘಾತದ ಕ್ಲೇಮಿನಲ್ಲಿ ಸಂಶಯಾತೀತ ರುಜುವಾತು ಬೇಕಿಲ್ಲ, ಸಂಭವನೀಯತೆ ಯಾವ ಕಡೆ ಹೆಚ್ಚು ವಾಲುತ್ತದೆ ಎಂಬುದು ಸಾಕು. ಮನಸ್ಸಿನ ಉದ್ದೇಶದಂಥ ಕಣ್ಣಿಗೆ ಕಾಣದ ಸಂಗತಿಯನ್ನು ಕೊಲೆ ಮೊಕದ್ದಮೆಗಳಲ್ಲೇ ಸಾಂದರ್ಭಿಕ ಸಾಕ್ಷ್ಯದಿಂದ ತೀರ್ಮಾನಿಸುತ್ತೇವೆ. ನೋವಿಗೆ ಮಾತ್ರ ಎಕ್ಸ್‌ರೇ ಬೇಕು ಎನ್ನುವುದು ಯಾವ ನ್ಯಾಯ?

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು, ಏಕೆಂದರೆ ಅದು ವಿಜ್ಞಾನದ ಹೆಸರಿನಲ್ಲೇ ಬರುತ್ತದೆ: ಪರಿಹಾರದ ಆಸೆಯೇ ನೋವನ್ನು ಉಳಿಸುತ್ತದೆ ಎಂಬುದು. ಬ್ರಿಟನ್ನಿನ ನರತಜ್ಞ ಹೆನ್ರಿ ಮಿಲ್ಲರ್ 1961ರಲ್ಲಿ, ಕೇಸು ಇತ್ಯರ್ಥವಾದೊಡನೆ ಇಂಥ ರೋಗಿಗಳಲ್ಲಿ ಬಹುಪಾಲು ಮಂದಿ ಗುಣವಾಗುತ್ತಾರೆ ಎಂದು ಸಾರಿದರು. ಮೆಲ್ಬರ್ನ್‌ನ ಜಾರ್ಜ್ ಮೆಂಡೆಲ್‌ಸನ್ 1982ರಲ್ಲಿ ಲಭ್ಯ ಅಧ್ಯಯನಗಳನ್ನು ಪರಿಶೀಲಿಸಿ, ತೀರ್ಪು ಬಂದರೂ ಅನೇಕರ ನೋವು ಹೋಗುವುದಿಲ್ಲ ಎಂದು ಉತ್ತರಿಸಿದರು. ಆದರೂ ಮಿಲ್ಲರ್ ಪಕ್ಷಕ್ಕೆ ಬಲವಾದ ಅಂಕಿಗಳಿವೆ, ಅವನ್ನು ಮುಚ್ಚಿಡುವುದು ಸರಿಯಲ್ಲ. ಕೆನಡಾದ ಸಸ್ಕಾಚೆವಾನ್ ಪ್ರಾಂತ 1995ರ ಜನವರಿ 1ರಂದು, ತಪ್ಪು ಯಾರದೆಂದು ನೋಡದೆ ಎಲ್ಲ ಗಾಯಾಳುಗಳಿಗೂ ವಿಮೆಯಿಂದ ನೆರವು ನೀಡುವ, ಆದರೆ ನೋವು ಸಂಕಟಕ್ಕೆಂದು ಹಣ ಕೊಡದ ಪದ್ಧತಿಗೆ ಬದಲಾಯಿತು. ವಾಹನ ಅಪಘಾತದಲ್ಲಿ ಕತ್ತು ಉಳುಕಿದವರ ಕ್ಲೇಮುಗಳು ಲಕ್ಷ ಜನಕ್ಕೆ 417ರಿಂದ ಸುಮಾರು 300ಕ್ಕೆ ಇಳಿದವು, ಕ್ಲೇಮು ಮುಗಿಯಲು ಹಿಡಿಯುತ್ತಿದ್ದ ಮಧ್ಯಕ ಅವಧಿ 433 ದಿನದಿಂದ ಸುಮಾರು 200 ದಿನಕ್ಕೆ ಇಳಿಯಿತು. ಲಿಥುವೇನಿಯಾದಲ್ಲಿ, ಇಂಥ ಪರಿಹಾರದ ರೂಢಿಯೇ ಇಲ್ಲದಿದ್ದ ಕಾಲದಲ್ಲಿ, ಹಿಂದಿನಿಂದ ಗುದ್ದಿಸಿಕೊಂಡ 202 ಮಂದಿಯನ್ನು ಒಂದರಿಂದ ಮೂರು ವರ್ಷದ ಬಳಿಕ ವಿಚಾರಿಸಿದಾಗ, ಅವರ ಕತ್ತುನೋವು ಅಪಘಾತವಾಗದವರಿಗಿಂತ ಗಣನೀಯವಾಗಿ ಹೆಚ್ಚಿರಲಿಲ್ಲ ಎಂದು 1996ರಲ್ಲಿ ವರದಿಯಾಯಿತು.

ಈ ಅಂಕಿಗಳಿಂದ ಏನನ್ನು ಕಲಿಯಬೇಕು ಎಂಬಲ್ಲಿ ನನ್ನ ಭಿನ್ನಾಭಿಪ್ರಾಯ. ಮೊದಲನೆಯದಾಗಿ, ಕ್ಲೇಮು ಮುಚ್ಚುವುದೂ ನೋವು ಹೋಗುವುದೂ ಒಂದೇ ಅಲ್ಲ. ಎರಡನೆಯದಾಗಿ, ಕಾರಣ ಯಾವುದು ಪರಿಣಾಮ ಯಾವುದು ಎಂಬುದು ಇಂಥ ಅಧ್ಯಯನಗಳಲ್ಲಿ ಸುಲಭವಾಗಿ ತಿರುಗುಮುರುಗಾಗುತ್ತದೆ. ವಕೀಲರನ್ನು ಹಿಡಿದವರು ಹೆಚ್ಚು ಕಾಲ ನೋಯುತ್ತಾರೆ ಎಂದು ಲೆಕ್ಕ ತೋರಿಸಬಹುದು, ಆದರೆ ಹೆಚ್ಚು ನೋಯುವವರೇ ವಕೀಲರ ಬಳಿ ಹೋಗುತ್ತಾರಲ್ಲ! ಈ ತಿರುವನ್ನು ಗಣನೆಗೆ ತೆಗೆದುಕೊಳ್ಳದೆ ತೀರ್ಮಾನಿಸಿದರೆ ತಪ್ಪು ಉತ್ತರ ಬರುತ್ತದೆ ಎಂದು ನಟಾಲಿ ಸ್ಪಿಯರಿಂಗ್ ಮತ್ತು ಜೊತೆಗಾರರು 2012ರಲ್ಲಿ ತೋರಿಸಿದ್ದಾರೆ. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಆಸ್ಟ್ರೇಲಿಯಾದ ಆಸ್ಪತ್ರೆಗಳಿಗೆ ದಾಖಲಾಗಿ ಪರಿಹಾರ ಕೇಳಿದ ಗಾಯಾಳುಗಳನ್ನು ಆರು ವರ್ಷ ಹಿಂಬಾಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅವರನ್ನು ಹೆಚ್ಚು ಹಿಂಸಿಸಿದ್ದು ಏನು ಮಾಡಬೇಕೆಂದು ತಿಳಿಯದಿರುವುದು, ವಿಳಂಬ, ಮತ್ತೆ ಮತ್ತೆ ನಡೆಯುವ ವೈದ್ಯಕೀಯ ಪರೀಕ್ಷೆಗಳು. ಈ ಪ್ರಕ್ರಿಯೆಯಿಂದ ಹೆಚ್ಚು ಒತ್ತಡಕ್ಕೆ ಸಿಕ್ಕವರಲ್ಲಿ ಆತಂಕ, ಖಿನ್ನತೆ, ಅಶಕ್ತತೆ ಹೆಚ್ಚಾಗಿದ್ದವು. ಭಯ, ನಿದ್ದೆಗೇಡು, ಅನಿಶ್ಚಿತತೆ ಇವೆಲ್ಲ ನೋವಿನ ಮೇಲೆ ಮಿದುಳು ಇಟ್ಟಿರುವ ಹಿಡಿತವನ್ನು ಸಡಿಲಿಸುತ್ತವೆ. ನೋಯುತ್ತದೆ ಎಂದು ವರ್ಷಾನುಗಟ್ಟಲೆ ರುಜುವಾತುಪಡಿಸುತ್ತಲೇ ಇರಬೇಕಾದವರಿಗೆ ನೋವನ್ನು ಮರೆಯುವ ಅವಕಾಶ ಎಲ್ಲಿದೆ? ಸಸ್ಕಾಚೆವಾನ್ ಕಲಿಸುವ ಪಾಠ ಪರಿಹಾರವನ್ನು ಬೇಗ, ಜಗಳವಿಲ್ಲದೆ ಕೊಡಬೇಕು ಎಂಬುದು. ಕೊಡಲೇಬೇಡಿ ಎಂಬ ಪಾಠವನ್ನು ಅದರಿಂದ ತೆಗೆಯುವುದು, ಆಸ್ಪತ್ರೆಯ ಸರತಿ ಉದ್ದವಾಗಿದೆ ಎಂದು ಆಸ್ಪತ್ರೆಯನ್ನೇ ಮುಚ್ಚಲು ಹೇಳಿದಂತೆ.

ಕೊಡಲೇಬೇಡಿ ಎಂಬ ಪಾಠವನ್ನು ಒಂದು ಪ್ರಾಂತ ನಿಜವಾಗಿಯೂ ಜಾರಿಗೆ ತಂದಿತ್ತು. ಕೆನಡಾದ ನೋವಾ ಸ್ಕೋಷಿಯಾ ತನ್ನ ಕಾರ್ಮಿಕ ಪರಿಹಾರ ಕಾನೂನಿನಿಂದ ದೀರ್ಘಕಾಲದ ನೋವನ್ನು ಹೊರಗಿಟ್ಟು, ಬದಲಿಗೆ ನಾಲ್ಕು ವಾರದ ಪುನಶ್ಚೇತನ ಕಾರ್ಯಕ್ರಮವನ್ನು ಮಾತ್ರ ಕೊಟ್ಟಿತ್ತು. ಅದಾದ ಮೇಲೆ ಏನೂ ಇಲ್ಲ. ಸುಳ್ಳು ಕ್ಲೇಮು ತಡೆಯಬೇಕು, ನಿಧಿ ಉಳಿಯಬೇಕು ಎಂಬುದು ಸಮರ್ಥನೆ. 2003ರ ಅಕ್ಟೋಬರಿನಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಇದನ್ನು ಸರ್ವಾನುಮತದಿಂದ ರದ್ದು ಮಾಡಿತು. ಗಾಯಗೊಂಡ ಕಾರ್ಮಿಕರಲ್ಲಿ ಒಂದು ಬಗೆಯವರನ್ನು ಮಾತ್ರ, ಅವರ ಅವರ ಸ್ಥಿತಿಯನ್ನು ಪರಿಶೀಲಿಸದೆಯೇ ಸಾರಾಸಗಟಾಗಿ ಹೊರಹಾಕುವುದು ಸಮಾನತೆಯ ಹಕ್ಕಿನ ಭಂಗ ಎಂದಿತು. ಸುಳ್ಳುಗಾರರ ಭಯದಿಂದ ಎಲ್ಲರಿಗೂ ಬಾಗಿಲು ಹಾಕುವಂತಿಲ್ಲ ಎಂಬ ಈ ನಿಲುವು ನಮ್ಮ ಸಂವಿಧಾನದ 14ನೆಯ ವಿಧಿಯನ್ನು ಓದಿದವರಿಗೂ ಪರಿಚಿತ ತರ್ಕವೇ. ಇಂಗ್ಲೆಂಡಿನ ನ್ಯಾಯಾಧೀಶರು ಪರಿಹಾರ ನಿಗದಿಗೆ ಬಳಸುವ ಮಾರ್ಗಸೂಚಿ ಪುಸ್ತಕದಲ್ಲಿ ದೀರ್ಘಕಾಲದ ನೋವಿಗೆಂದೇ ಒಂದು ಅಧ್ಯಾಯವಿದೆ, ಅದರಲ್ಲಿ ಸಿಆರ್‌ಪಿಎಸ್‌ಗೆ ಪ್ರತ್ಯೇಕ ಜಾಗವೂ ಇದೆ. ನಮ್ಮಲ್ಲೂ ಅಂಥದೊಂದು ಬಂದರೆ, ಒಂದೇ ಬಗೆಯ ನೋವಿಗೆ ಒಂದು ಜಿಲ್ಲೆಯಲ್ಲಿ ಇಪ್ಪತ್ತು ಸಾವಿರ, ಇನ್ನೊಂದರಲ್ಲಿ ಎರಡು ಲಕ್ಷ ಎಂಬಂಥ ಏರುಪೇರಿಗೆ ಆಸ್ಪದ ಕಡಿಮೆಯಾಗುತ್ತದೆ.

ಅದು ಬರುವ ತನಕ ಭಾರ ಬೀಳುವುದು ಸಾಕ್ಷ್ಯದ ಮೇಲೆ, ಮತ್ತು ಇಲ್ಲಿ ಕಾಲ ಗಾಯಾಳುವಿನ ಪರವಾಗಿಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ, 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಂತೆ, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂದು ಹೇಳುತ್ತದೆ. ಅದರ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ನೋವನ್ನು ದೀರ್ಘಕಾಲದ್ದು ಎಂದು ಕರೆಯುವುದಕ್ಕೇ ಮೂರು ತಿಂಗಳು ಬೇಕು, ಸಿಆರ್‌ಪಿಎಸ್ ಎಂದು ಗುರುತಿಸುವ ವೈದ್ಯರು ಸಿಗುವ ಹೊತ್ತಿಗೆ ಆರು ತಿಂಗಳೂ ಕಳೆದಿರಬಹುದು. ಆದ್ದರಿಂದ ಅರ್ಜಿಯನ್ನು ಬೇಗ ಹಾಕಿ, ವೈದ್ಯಕೀಯ ಸಾಕ್ಷ್ಯವನ್ನು ಮುಂದೆ ನಡೆಸುವುದೇ ಜಾಣತನ. ವೂಂಡ್ ಸರ್ಟಿಫಿಕೇಟು, ಡಿಸ್ಚಾರ್ಜ್ ಸಮ್ಮರಿಗಳಷ್ಟೇ ತೂಕ ಪ್ರತಿ ಭೇಟಿಯ ಓಪಿಡಿ ಚೀಟಿಗೂ ಇದೆ. ಕೈಯ ಬಣ್ಣ, ಊತ, ಬಿಸುಪು, ನಿದ್ದೆ, ಎಷ್ಟು ಹೊತ್ತು ಕೂರಬಲ್ಲರು ಎಂಬುದನ್ನು ಅದರ ಮೇಲೆ ಬರೆಯಿರಿ ಎಂದು ವೈದ್ಯರನ್ನು ಕೇಳುವುದರಲ್ಲಿ ಸಂಕೋಚ ಬೇಡ. ಫಿಸಿಯೋಥೆರಪಿಯ ದಾಖಲೆ, ಕಾರ್ಖಾನೆಯ ಹಾಜರಿ ಪುಸ್ತಕ, ಮೇಲ್ವಿಚಾರಕರ ಸಾಕ್ಷ್ಯ ಇವೆಲ್ಲ ಒಂದೇ ಕಥೆ ಹೇಳಿದರೆ ‘ಮೂಳೆ ಕೂಡಿದೆ ತಾನೇ’ ಎಂಬ ಪ್ರಶ್ನೆಗೆ ಬಲವಿರುವುದಿಲ್ಲ. ಮುಂದಿನ ಚಿಕಿತ್ಸೆಯ ಖರ್ಚನ್ನು ಕೇಳಲು ಹಲವರು ಮರೆಯುತ್ತಾರೆ, ಅದು ದುಬಾರಿ ಮರೆವು. ಒಮ್ಮೆ ಅಂತಿಮ ಆದೇಶವಾದ ಮೇಲೆ ಹೆಚ್ಚುವರಿ ಪರಿಹಾರಕ್ಕೆ ಮತ್ತೆ ಬರಲು ಈ ಕಾಯ್ದೆಯಲ್ಲಿ ಅವಕಾಶವಿಲ್ಲ, ಅದಕ್ಕೇ ಭವಿಷ್ಯದ ವೈದ್ಯಕೀಯ ವೆಚ್ಚವನ್ನು ಆಗಲೇ ನಿರ್ಧರಿಸಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ನರಗಳ ಅತಿಸಂವೇದನೆ ತಗ್ಗಿಸುವ ಮಾತ್ರೆಗಳು, ವರ್ಷಗಟ್ಟಲೆಯ ವ್ಯಾಯಾಮ ಚಿಕಿತ್ಸೆ, ನೋವಿನ ಕ್ಲಿನಿಕ್ಕಿಗೆ ಓಡಾಟದ ಬಸ್ ಚಾರ್ಜು, ಆ ದಿನಗಳ ಕೂಲಿ ನಷ್ಟ: ಇವನ್ನು ವರ್ಷಕ್ಕೆ ಎಷ್ಟೆಂದು ಚಿಕಿತ್ಸೆ ನೀಡಿದ ವೈದ್ಯರಿಂದಲೇ ಸಾಕ್ಷಿಕಟ್ಟೆಯಲ್ಲಿ ಹೇಳಿಸಬೇಕು. ಲೋಕ ಅದಾಲತ್ತಿನಲ್ಲಿ ವಿಮಾ ಕಂಪನಿ ಮುಂದಿಡುವ ಮೊತ್ತಕ್ಕೆ ಸಹಿ ಹಾಕುವ ಮುನ್ನ ಈ ಲೆಕ್ಕ ಅರ್ಜಿದಾರರ ಕೈಯಲ್ಲಿರಬೇಕು.